ಮೈಕೇಲ್ ಫ್ಯಾರಡೆ

ಲಂಡನ್ ನಗರದ ಸಮೀಪದ ನ್ಯೂಯಿಂಗ್‌ಟನ್ನಿನಲ್ಲಿ 1791ನೆಯ ಇಸವಿ ಸೆಪ್ಟೆಂಬರ್ 22ರಂದು ಮೈಕೇಲ್ ಫ್ಯಾರಡೆಯವರು ಜನಿಸಿದರು. ತಂದೆ ಕಮ್ಮಾರರು, ಮನೆಯಲ್ಲಿ ಕಡುಬಡತನ. ಶಾಲೆಯಲ್ಲಿ ದೊರೆತದ್ದು ಓದು, ಬರಹ, ಲೆಕ್ಕಗಳಷ್ಟೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯನ್ನು ಸೇರಿದ ಬಾಲಕನಿಗೆ, ಕಟ್ಟಲು ಬಂದ ಪುಸ್ತಕಗಳೇ ಗುರುಗಳಾದವು. 1812ರಲ್ಲಿ ಸರ್ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಕಟ್ಟಿ ಅವರಿಗೆ ಕಳುಹಿಸಿದರು. ಮರುವರ್ಷ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಡೇವಿಯವರ ಸಹಾಯಕರಾದರು.

ವಿದ್ಯುತ್ತನ್ನು ಹರಿಸಿ ಲವಣದಿಂದ ಲೋಹವನ್ನು ಬೇರ್ಪಡಿಸಬಹುದೆಂಬುದು ಆಗಲೇ ತಿಳಿದಿತ್ತು. ಎಷ್ಟು ವಿದ್ಯುತ್ತಿಗೆ ಎಷ್ಟು ಲೋಹವೆಂಬುದು ತಿಳಿದಿರಲಿಲ್ಲ. ಉನ್ನತ ಗಣಿತವನ್ನು ಕಲಿಯದ ಫ್ಯಾರಡೆಯವರು ತಕ್ಕಡಿಯನ್ನು ನಂಬಿದರು. ಕರಗಿಸಿದ ತವರದ ಕ್ಲೋರೈಡಿನಲ್ಲಿ ವಿದ್ಯುತ್ತನ್ನು ಹರಿಸಿ, ಬೇರ್ಪಟ್ಟ ತವರವನ್ನು ತೂಗಿದರು; ಅದೇ ವಿದ್ಯುತ್ತು ನೀರಿನಿಂದ ಬಿಡಿಸಿದ ಅನಿಲವನ್ನು ಅಳೆದು ಹೋಲಿಸಿದರು. 1833–34ರಲ್ಲಿ ಅವರ ನಿಯಮಗಳು ಸಿದ್ಧವಾದವು. ವಿದ್ಯುತ್ತು ಇಮ್ಮಡಿಯಾದರೆ ಲೋಹವೂ ಇಮ್ಮಡಿಯಾಗುತ್ತದೆ. ಸುಮಾರು 96,485 ಕೂಲಂಬ್ ವಿದ್ಯುತ್ತು 107.9 ಗ್ರಾಂ ಬೆಳ್ಳಿಯನ್ನು ಲೇಪಿಸಿದರೆ, ತಾಮ್ರವನ್ನು 31.8 ಗ್ರಾಂ ಮಾತ್ರ ಲೇಪಿಸುತ್ತದೆ. ಬೆಳ್ಳಿಯ ಅಯಾನಿಗೆ ಒಂದು ಎಲೆಕ್ಟ್ರಾನ್ ಸಾಕು, ತಾಮ್ರದ ಅಯಾನಿಗೆ ಎರಡು ಬೇಕು.

ಆನೋಡು, ಕ್ಯಾಥೋಡು, ಅಯಾನು ಎಂಬ ಹೆಸರುಗಳನ್ನು ವಿದ್ವಾಂಸ ವಿಲಿಯಂ ಹ್ಯೂವೆಲ್‌ರ ನೆರವಿನಿಂದ ಅವರು 1834ರಲ್ಲಿ ಬಳಕೆಗೆ ತಂದರು. ಮೈಲುತುತ್ತದ ದ್ರಾವಣದಲ್ಲಿ ತಾಮ್ರದ ತಗಡು ಆನೋಡಾಗಿ ಎಲೆಕ್ಟ್ರಾನುಗಳನ್ನು ಬಿಟ್ಟು ಕರಗುತ್ತದೆ. ಕ್ಯಾಥೋಡಾದ ಪಾತ್ರೆಯ ಮೇಲೆ ತಾಮ್ರದ ಅಯಾನುಗಳು ಎಲೆಕ್ಟ್ರಾನುಗಳನ್ನು ಪಡೆದು ಲೇಪವಾಗುತ್ತವೆ. ಆದರೆ ಕಬ್ಬಿಣದ ಪಾತ್ರೆಯನ್ನು ಸುಮ್ಮನೆ ಅದ್ದಿದರೂ ಅದರ ಮೇಲೆ ತಾಮ್ರ ಕೂಡುತ್ತದೆ. ಕಬ್ಬಿಣದ ವಿದ್ಯುದ್ವಾರ ವಿಭವ −0.44 ವೋಲ್ಟ್, ತಾಮ್ರದ್ದು +0.34 ವೋಲ್ಟ್ ಆಗಿರುವುದೇ ಇದಕ್ಕೆ ಕಾರಣ. ಹೀಗೆ ತಾನಾಗಿ ಕೂಡಿದ ಲೇಪ ಸಡಿಲವಾಗಿ ಕಳಚಿಹೋಗುತ್ತದೆ. ಆದುದರಿಂದ ಕಬ್ಬಿಣಕ್ಕೆ ಮೊದಲ ಲೇಪವನ್ನು ಸಯನೈಡ್ ದ್ರಾವಣದಲ್ಲಿ ಕೊಡುವ ಪದ್ಧತಿ ಬಂದಿತು. ಅಲ್ಲಿ ತಾಮ್ರದ ಅಯಾನುಗಳು ಬಂಧಿತವಾಗಿ ಅದರ ವಿಭವ ತಗ್ಗುತ್ತದೆ. ಈ ವಿಭವಗಳ ಲೆಕ್ಕವನ್ನು 1889ರಲ್ಲಿ ಜರ್ಮನಿಯ ವಾಲ್ಟರ್ ನೆರ್ನ್‌ಸ್ಟ್ ತೋರಿಸಿಕೊಟ್ಟರು. ಲೋಹ ಎಷ್ಟು ಕೂಡುವುದೆಂಬುದನ್ನು ಫ್ಯಾರಡೆಯವರ ನಿಯಮ ಹೇಳಿದರೆ, ಅದು ಯಾವ ಕಡೆಗೆ ಒಲಿಯುವುದೆಂಬುದನ್ನು ವಿಭವ ಹೇಳುತ್ತದೆ.

ಕೀರ್ತಿ ಬಂದರೂ ಫ್ಯಾರಡೆಯವರು ಬದಲಾಗಲಿಲ್ಲ. ರಾಯಲ್ ಸೊಸೈಟಿಯ ಅಧ್ಯಕ್ಷ ಪದವಿ ಎರಡು ಸಲ ಅರಸಿ ಬಂದಾಗಲೂ ಒಲ್ಲೆನೆಂದರು. ಕ್ರಿಸ್‌ಮಸ್ ಕಾಲದಲ್ಲಿ ಮಕ್ಕಳಿಗಾಗಿ 1827ರಿಂದ 1860ರವರೆಗೆ 19 ಉಪನ್ಯಾಸಮಾಲೆಗಳನ್ನು ನಡೆಸಿಕೊಟ್ಟರು. ಮುಪ್ಪಿನಲ್ಲಿ ಅವರ ನೆನಪಿನ ಶಕ್ತಿ ಕುಂದಿತು. 1867ರ ಆಗಸ್ಟ್ 25ರಂದು ಅವರು ನಿಧನರಾದರು. ಕೈಯಾರೆ ಮಾಡುವ ಕಾಯಕವೂ ಜ್ಞಾನದ ಹೆದ್ದಾರಿಯೆಂಬುದಕ್ಕೆ ರಟ್ಟು ಕಟ್ಟುತ್ತಿದ್ದ ಆ ಬಾಲಕನ ಬಾಳೇ ನಿದರ್ಶನವಾಗಿದೆ.