ಸಕ್ಕರೆಯೊಲ್ಲದ ವೈದ್ಯರ ಕಾರ್ನ್‌ಫ್ಲೇಕ್ಸ್

ಭಾರತದ ಮಾರುಕಟ್ಟೆಗೆ 1994ರಲ್ಲಿ ಕಾಲಿಟ್ಟ ಕೆಲಾಗ್ ಕಾರ್ನ್‌ಫ್ಲೇಕ್ಸ್, ಇಂದು ನಮ್ಮ ನಗರಗಳ ಅನೇಕ ಮನೆಗಳಲ್ಲಿ ಇಡ್ಲಿ, ಉಪ್ಪಿಟ್ಟಿನ ಜೊತೆಗೇ ಜಾಗ ಪಡೆದಿದೆ. ಡಬ್ಬಿಯ ಮೇಲಿನ ಆ ಹೆಸರು ಅಮೆರಿಕದ ಮಿಷಿಗನ್ ರಾಜ್ಯದ ಇಬ್ಬರು ಸಹೋದರರದು. ಅವರಲ್ಲಿ ಹಿರಿಯರಾದ ಡಾ. ಜಾನ್ ಹಾರ್ವೆ ಕೆಲಾಗ್ ಅವರಿಗೆ ಬೆಳಗಿನ ತಿಂಡಿಗೆ ಸಕ್ಕರೆ ಬೆರೆಸುವುದೆಂದರೆ ಆಗದು. ಕಿರಿಯರಿಗೆ ಸಕ್ಕರೆಯಿಲ್ಲದೆ ವ್ಯಾಪಾರವೇ ಇಲ್ಲ.

1852ರ ಫೆಬ್ರವರಿ 26ರಂದು ಜನಿಸಿದ ಜಾನ್, ಪೊರಕೆ ತಯಾರಿಸಿ ಮಾರುತ್ತಿದ್ದ ಕುಟುಂಬದವರು. ಸಸ್ಯಾಹಾರವನ್ನು ಎತ್ತಿ ಹಿಡಿದಿದ್ದ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದ ನೆರವಿನಿಂದ ವೈದ್ಯಶಾಸ್ತ್ರ ಓದಿ, 1875ರಲ್ಲಿ ನ್ಯೂಯಾರ್ಕಿನಲ್ಲಿ ಪದವಿ ಪಡೆದರು. ಮರುವರ್ಷವೇ ಬ್ಯಾಟಲ್ ಕ್ರೀಕ್ ಪಟ್ಟಣದಲ್ಲಿ ಪಂಥದ ಚಿಕಿತ್ಸಾಲಯದ ಹೊಣೆ ಅವರ ಹೆಗಲೇರಿತು. ಮಾಂಸ, ಮದ್ಯ, ತಂಬಾಕು, ಚಹಾ, ಕಾಫಿ ಎಲ್ಲವೂ ಅಲ್ಲಿ ವರ್ಜ್ಯ. ಎಂಟು ವರ್ಷ ಕಿರಿಯ ತಮ್ಮ ವಿಲ್ ಕೀತ್ ಲೆಕ್ಕಪತ್ರದಿಂದ ಹಿಡಿದು ಅಡುಗೆಮನೆಯ ಪ್ರಯೋಗಗಳವರೆಗೆ ಎಲ್ಲಕ್ಕೂ ಒದಗುತ್ತಿದ್ದರು. ಸುಮಾರು 25 ವರ್ಷ ಅಣ್ಣನ ನೆರಳಿನಲ್ಲೇ ದುಡಿದರೂ ಅವರಿಗೆ ದಕ್ಕಿದ ಮನ್ನಣೆ ಅಷ್ಟಕ್ಕಷ್ಟೆ.

1894ರಲ್ಲಿ, ಬೇಯಿಸಿಟ್ಟ ಗೋಧಿ ಹಳಸುವಷ್ಟು ಹೊತ್ತು ಹಾಗೇ ಉಳಿಯಿತು. ಎಸೆಯಲು ಮನಸ್ಸಾಗದೆ ಉರುಳೆಗಳ ನಡುವೆ ಒತ್ತಿದಾಗ ಕಾಳು ಕಾಳೂ ತೆಳ್ಳನೆಯ ಹಾಳೆಯಾಗಿ ಹೊರಬಂತು; ನಮ್ಮ ಅವಲಕ್ಕಿಯ ದೂರದ ಸಂಬಂಧಿಯೆನ್ನಬಹುದು. ಸುಲಭವಾಗಿ ಜೀರ್ಣವಾಗುವ, ಸಿಹಿಯಿಲ್ಲದ ರೋಗಿಗಳ ಆಹಾರ ಇದೆಂಬುದು ವೈದ್ಯರ ಲೆಕ್ಕ. 1896ರಲ್ಲಿ ಪೇಟೆಂಟ್ ಜಾನ್ ಅವರ ಹೆಸರಿಗೇ ಬಂತು.

ವಿಲ್ ಗೋಧಿಯನ್ನು ಬಿಟ್ಟು ಮೆಕ್ಕೆಜೋಳ ಹಿಡಿದರು, ಜೊತೆಗೆ ಉಪ್ಪು, ಮಾಲ್ಟ್, ಸಕ್ಕರೆ ಬೆರೆಸಿದರು. ಅಣ್ಣ ಕೆರಳಿದರು. 1906ರಲ್ಲಿ ತಮ್ಮ ತಮ್ಮದೇ ಕಂಪನಿ ಕಟ್ಟಿದರು. ಬಳಿಕ ಕೆಲಾಗ್ ಎಂಬ ಹೆಸರು ಯಾರಿಗೆ ಸೇರಬೇಕೆಂಬ ವ್ಯಾಜ್ಯ ವರ್ಷಗಟ್ಟಲೆ ನಡೆದು, 1920ರಲ್ಲಿ ಮಿಷಿಗನ್ ಸುಪ್ರೀಂ ಕೋರ್ಟ್ ವಿಲ್ ಪರ ತೀರ್ಪಿತ್ತಿತು.

ಪೌಷ್ಟಿಕತೆಯ ದೃಷ್ಟಿಯಿಂದ ನೋಡಿದರೆ ಸಕ್ಕರೆಯಷ್ಟೇ ಬದಲಾದದ್ದಲ್ಲ. ಮೆಕ್ಕೆಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶವಿರುವುದರಿಂದ ಬೇಗ ಕಮಟು ಹಿಡಿಯುತ್ತದೆ. ಅದನ್ನೂ ಹೊಟ್ಟನ್ನೂ ತೆಗೆದಾಗ ನಾರಿನಂಶ, ಜೀವಸತ್ವಗಳೂ ಹೋಗಿ ಹೆಚ್ಚಾಗಿ ಪಿಷ್ಟವೇ ಉಳಿಯುತ್ತದೆ. ಡಬ್ಬಿಯ ಮೇಲೆ ದೊಡ್ಡಕ್ಷರದಲ್ಲಿ ಮೆರೆಯುವ ಕಬ್ಬಿಣ, ಬಿ ಜೀವಸತ್ವಗಳು ಬಹುಪಾಲು ಆಮೇಲೆ ಸೇರಿಸಿದಂಥವು.

ವೈದ್ಯರನ್ನು ಋಷಿಯೆಂದು ಬಣ್ಣಿಸುವುದೂ ಸಲ್ಲದು. 40ಕ್ಕೂ ಹೆಚ್ಚು ಮಕ್ಕಳನ್ನು ಮನೆಯಲ್ಲಿಟ್ಟು ಸಾಕಿದ ಅದೇ ವ್ಯಕ್ತಿ, ಜನಾಂಗಶುದ್ಧಿಯ ಅವೈಜ್ಞಾನಿಕ ವಾದವನ್ನು ಕೊನೆಯವರೆಗೂ ಪ್ರಚಾರ ಮಾಡಿದರು. ಆ ಕಳಂಕ ಅಳಿಯುವಂಥದ್ದಲ್ಲ. 1943ರ ಡಿಸೆಂಬರ್ 14ರಂದು, 91ರ ವಯಸ್ಸಿನಲ್ಲಿ ನಿಧನರಾಗುವ ಮುನ್ನ ತಮ್ಮನಿಗೆ ರಾಜಿಯ ದೀರ್ಘ ಪತ್ರವೊಂದನ್ನು ಬರೆಸಿದ್ದರು. ಅದು ವಿಲ್ ಕೈಸೇರಿದ್ದು ಅಣ್ಣನ ಮರಣಾನಂತರ. ವಿಲ್ ಕೂಡ 1951ರಲ್ಲಿ, 91ನೇ ವಯಸ್ಸಿನಲ್ಲೇ ತೀರಿಕೊಂಡರು.

ಮರುವರ್ಷ ಕಂಪನಿ ಸಕ್ಕರೆ ಲೇಪಿಸಿದ ಶುಗರ್ ಫ್ರಾಸ್ಟೆಡ್ ಫ್ಲೇಕ್ಸ್ ಬಿಡುಗಡೆ ಮಾಡಿತು. 1953ರಲ್ಲಿ ಬಂದ ಶುಗರ್ ಸ್ಮ್ಯಾಕ್ಸ್‌ನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ. ಅಂಥ ತಿಂಡಿ 30 ಗ್ರಾಂ ತಿಂದರೆ 15 ಗ್ರಾಂಗಿಂತ ಹೆಚ್ಚು, ಅಂದರೆ ಸುಮಾರು ನಾಲ್ಕು ಚಮಚ ಸಕ್ಕರೆ ಹೊಟ್ಟೆ ಸೇರುತ್ತದೆ. ವಯಸ್ಕರಿಗೂ ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಒಳಿತೆಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ. 1980ರ ದಶಕದಲ್ಲಿ ಈ ತಿಂಡಿಗಳ ಹೆಸರಿನಿಂದ ಶುಗರ್ ಎಂಬ ಪದ ಕಳಚಿ, ಶುಗರ್ ಸ್ಮ್ಯಾಕ್ಸ್ ಹನಿ ಸ್ಮ್ಯಾಕ್ಸ್ ಆಯಿತು. 2008ರಲ್ಲಿ ಅಮೆರಿಕದ ಗ್ರಾಹಕ ಪತ್ರಿಕೆ ಕನ್ಸ್ಯೂಮರ್ ರಿಪೋರ್ಟ್ಸ್ ಪರಿಶೀಲಿಸಿದಾಗಲೂ ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ ಇತ್ತು.