ಮೀನಿನ ತೊಟ್ಟಿಗೆ ಹೆಸರು ಕೊಟ್ಟವನು: ಫಿಲಿಪ್ ಹೆನ್ರಿ ಗಾಸ್

ಕೊಯಮತ್ತೂರು, ತಿರುಪ್ಪೂರುಗಳ ಪೇಟೆಬೀದಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯ ಮುಂದೆ ಒಂದು ಗಳಿಗೆ ನಿಂತು ನೋಡದವರು ನಿಮ್ಮಲ್ಲಿ ಯಾರೂ ಇರಲಾರರು. ನಾವೂ ಒಮ್ಮೆ ಹಾಗೆಯೇ ನಿಂತು, ಮಕ್ಕಳ ಹಟಕ್ಕೆ ಸೋತು, ಒಂದು ಗಾಜಿನ ತೊಟ್ಟಿಯನ್ನೂ ನಾಲ್ಕು ಚಿನ್ನದ ಮೀನುಗಳನ್ನೂ ಮನೆಗೆ ತಂದೆವು. ಎರಡು ತಿಂಗಳು ಎಲ್ಲವೂ ಚೆನ್ನಾಗಿತ್ತು. ದೀಪಾವಳಿಗೆ ಮನೆ ತೊಳೆಯುವಾಗ ತೊಟ್ಟಿಯೂ ಹೊಳೆಯಲಿ ಎಂಬ ಆಸೆಯಿಂದ ನೀರನ್ನೆಲ್ಲ ಚೆಲ್ಲಿ, ತಳದ ಜಲ್ಲಿಯನ್ನು ಸೋಪುಪುಡಿ ಹಾಕಿ ಉಜ್ಜಿ, ನಲ್ಲಿಯ ನೀರನ್ನು ನೇರವಾಗಿ ತುಂಬಿದೆವು. ಮೂರನೆಯ ದಿನ ನಾಲ್ಕು ಮೀನುಗಳೂ ಸತ್ತು ತೇಲಿದವು. ನೀರು ಮಾತ್ರ ಸ್ಫಟಿಕದಂತೆ ತಿಳಿಯಾಗಿತ್ತು! ಇದಕ್ಕೆ ಕಾರಣವೇನೆಂದು ಪುಸ್ತಕಗಳಲ್ಲಿ ಹುಡುಕುತ್ತ ಹೋದಾಗ ನಮಗೆ ಪರಿಚಯವಾದವನೇ ಫಿಲಿಪ್ ಹೆನ್ರಿ ಗಾಸ್.

ಗಾಸ್ ಇಂಗ್ಲೆಂಡಿನ ವೂಸ್ಟರ್ ಪಟ್ಟಣದಲ್ಲಿ 1810ರಲ್ಲಿ ಜನಿಸಿದನು. ತಂದೆ ಊರೂರು ಅಲೆದು ಸಣ್ಣ ಗಾತ್ರದ ಭಾವಚಿತ್ರಗಳನ್ನು ಬರೆಯುತ್ತಿದ್ದ ಬಡ ಕಲಾವಿದ. ಬಾಲಕ ಬೆಳೆದದ್ದು ಪೂಲ್ ಎಂಬ ರೇವುಪಟ್ಟಣದಲ್ಲಿ. ಹದಿನೇಳನೆಯ ವಯಸ್ಸಿಗೇ ಕಡಲು ದಾಟಿ ನ್ಯೂಫೌಂಡ್‌ಲೆಂಡಿಗೆ ಹೋಗಿ ವ್ಯಾಪಾರದ ಕಚೇರಿಯೊಂದರಲ್ಲಿ ಗುಮಾಸ್ತನಾದನು. ಅಲ್ಲಿ 1832ರಲ್ಲಿ ಸೂಕ್ಷ್ಮದರ್ಶಕವನ್ನು ಕುರಿತ ಒಂದು ಹಳೆಯ ಪುಸ್ತಕವನ್ನು ಕೊಂಡದ್ದು ಅವನ ಬಾಳನ್ನೇ ತಿರುಗಿಸಿತು. ಲೆಕ್ಕದ ಪುಸ್ತಕ ಮುಚ್ಚಿದ ಮೇಲೆ ಉಳಿದ ಹೊತ್ತೆಲ್ಲ ಕೀಟಗಳಿಗೆ ಮೀಸಲಾಯಿತು. ಮುಂದೆ ಕೆನಡಾದಲ್ಲಿ ಬೇಸಾಯ ಮಾಡಿ ಕೈಸುಟ್ಟುಕೊಂಡನು. ಅಮೆರಿಕದ ಅಲಬಾಮದಲ್ಲಿ ಕೆಲವು ತಿಂಗಳು ಶಾಲಾ ಉಪಾಧ್ಯಾಯನಾಗಿದ್ದನು (ನಮ್ಮ ವೃತ್ತಿಯವನೆಂಬುದು ನಮಗೆ ಸಂತೋಷದ ಸಂಗತಿ). ಗುಲಾಮರ ಪಾಡನ್ನು ಕಂಡು ನೊಂದು ತಾಯ್ನಾಡಿಗೆ ಮರಳಿದನು. 1840ರಲ್ಲಿ ಹೊರಬಂದ ಮೊದಲ ಪುಸ್ತಕದಿಂದ ಅವನ ಲೇಖನಿಗೆ ಒಂದಿಷ್ಟು ಅನ್ನ ಹುಟ್ಟಿತು. 1848ರಲ್ಲಿ ಎಮಿಲಿ ಬೋವ್ಸ್ ಎಂಬಾಕೆಯನ್ನು ಮದುವೆಯಾದನು. ಮರುವರ್ಷ ಮಗ ಎಡ್ಮಂಡ್ ಹುಟ್ಟಿದನು.

ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟು, ಗಾಸ್ 1852ರಲ್ಲಿ ಸಂಸಾರ ಸಹಿತ ಡೆವನ್ ಕಡಲತೀರಕ್ಕೆ ಹೋದನು. ಇಳಿತದ ವೇಳೆ ಬಂಡೆಗಳ ನಡುವೆ ನಿಲ್ಲುವ ಸಣ್ಣ ಸಣ್ಣ ಮಡುಗಳಲ್ಲಿ ಹೂವಿನಂತೆ ಅರಳುವ ಪ್ರಾಣಿಗಳನ್ನು ಕಂಡು ಮರುಳಾದನು. ಅವನ್ನು ಮನೆಗೆ ತಂದರೆ ಎರಡೇ ದಿನಕ್ಕೆ ನೀರು ನಾರಿ ಸಾಯುತ್ತಿದ್ದವು. ಇದಕ್ಕೆ ದಾರಿಯೇನು?

ದಾರಿಯ ಒಂದು ತುದಿ ಆಗಲೇ ದೊರೆತಿತ್ತು. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಗಾಜಿನ ಪಾತ್ರೆಯೊಂದರಲ್ಲಿ ಎರಡು ಚಿನ್ನದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಗಿಡವನ್ನೂ ಇಟ್ಟಿದ್ದನು. (ಪರಾಗಸ್ಪರ್ಶದ ಪಾಠದಲ್ಲಿ ನೀವು ಓದುವ ಜಲಸಸ್ಯವೇ ಇದು.) ಮೀನು ಬಿಡುವ ಇಂಗಾಲದ ಡೈಆಕ್ಸೈಡನ್ನು ಗಿಡ ಹೀರುವುದು, ಗಿಡ ಬಿಡುವ ಆಮ್ಲಜನಕವನ್ನು ಮೀನು ಉಸಿರಾಡುವುದು ಎಂಬುದು ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಹಳೆಯ ಎಲೆಗಳು ಕೊಳೆತು, ಗಾಜಿಗೆ ಪಾಚಿ ಹತ್ತಿ, ನೀರು ಕೆಟ್ಟಿತು. ಆಗ ಅವನು ನೀರನ್ನು ಚೆಲ್ಲಲಿಲ್ಲ, ಗಾಜನ್ನು ಉಜ್ಜಲಿಲ್ಲ. ಕೊಳದಿಂದ ಕೆಲವು ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತದ್ದನ್ನೂ ಪಾಚಿಯನ್ನೂ ಮೇಯ್ದವು. ನೀರು ತಾನಾಗಿ ತಿಳಿಯಾಯಿತು.

ಗಾಸ್ ಈ ಸೂತ್ರವನ್ನೇ ಕಡಲ ಜೀವಿಗಳಿಗೂ ಹೊಂದಿಸಿದನು. 1853ರ ಮೇ ತಿಂಗಳಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಪ್ರಪಂಚದ ಮೊದಲ ಸಾರ್ವಜನಿಕ ಮತ್ಸ್ಯಾಲಯ ತೆರೆಯಿತು. ಅದಕ್ಕೆ ಬೇಕಾದ ಪ್ರಾಣಿಗಳನ್ನು ಸಂಗ್ರಹಿಸಿ ಕೊಟ್ಟವರಲ್ಲಿ ಅವನೂ ಒಬ್ಬ. ಲಂಡನ್ನಿಗೆ ಕಡಲ ನೀರನ್ನು ಹೊತ್ತು ತರುವುದು ಸುಲಭವಲ್ಲ. ಆದ್ದರಿಂದ ಅಡುಗೆ ಉಪ್ಪು, ಎಪ್ಸಮ್ ಉಪ್ಪು, ಮೆಗ್ನೀಸಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಈ ನಾಲ್ಕನ್ನು ಬೆರೆಸಿ ಮನೆಯಲ್ಲೇ ಕಡಲ ನೀರು ಮಾಡುವ ಕ್ರಮವನ್ನು ಪ್ರಕಟಿಸಿದನು. ಆ ನೀರಿಗೂ ಮೊದಲೇ ಪ್ರಾಣಿಗಳನ್ನು ಬಿಡುತ್ತಿರಲಿಲ್ಲ. ಕಡಲಪಾಚಿಯನ್ನು ಬಿಟ್ಟು, ನೀರು ಹದವಾಗುವವರೆಗೆ ಕೆಲವು ದಿನ ಕಾಯುತ್ತಿದ್ದನು. 1854ರಲ್ಲಿ ಅವನ ‘ದಿ ಅಕ್ವೇರಿಯಂ’ ಪುಸ್ತಕ ಪ್ರಕಟವಾಯಿತು. ಬಣ್ಣದ ಚಿತ್ರಗಳೂ ಅವನವೇ. ಲ್ಯಾಟಿನ್ನಿನಲ್ಲಿ ದನಕರುಗಳು ನೀರು ಕುಡಿಯುವ ಜಾಗಕ್ಕಿದ್ದ ಆ ಹೆಸರು ಅಂದಿನಿಂದ ಮೀನಿನ ತೊಟ್ಟಿಗೆ ನಿಂತುಬಿಟ್ಟಿತು.

ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲೂ ಬಂದಿತ್ತು. ಮನೆಮನೆಯಲ್ಲೂ ತೊಟ್ಟಿ ಬೇಕೆನಿಸಿತು. ಗಾಸ್‌ನ ಪುಸ್ತಕವನ್ನು ಕೈಯಲ್ಲಿ ಹಿಡಿದು ಜನರು ಕಡಲತೀರಕ್ಕೆ ನುಗ್ಗಿದರು.

ಇತ್ತ 1857ರ ಫೆಬ್ರುವರಿಯಲ್ಲಿ ಎಮಿಲಿ ಸ್ತನದ ಕ್ಯಾನ್ಸರ್‌ನಿಂದ ತೀರಿಕೊಂಡಳು. ಮಗನಿಗೆ ಆಗ ಏಳು ವರ್ಷ. ಅದೇ ವರ್ಷ ಸೃಷ್ಟಿಯ ಕಥೆಯನ್ನೂ ಭೂವಿಜ್ಞಾನವನ್ನೂ ಹೊಂದಿಸಲು ಅವನು ಬರೆದ ಪುಸ್ತಕವನ್ನು ವಿಜ್ಞಾನಿಗಳೂ ಒಪ್ಪಲಿಲ್ಲ, ಧರ್ಮನಿಷ್ಠರೂ ಒಪ್ಪಲಿಲ್ಲ. ಗಾಸ್ ಡೆವನ್ನಿನಲ್ಲೇ ನೆಲೆಸಿದನು. ಆದರೆ ಅವನ ಪ್ರೀತಿಯ ಮಡುಗಳು ಮೊದಲಿನಂತೆ ಉಳಿಯಲಿಲ್ಲ. ಸಂಗ್ರಹಕಾರರ ದಂಡು ಅವನ್ನು ವರ್ಷ ವರ್ಷವೂ ಬರಿದು ಮಾಡುತ್ತ ಬಂದಿತ್ತು. ತನ್ನ ಪುಸ್ತಕವೇ ಅವರನ್ನು ಅಲ್ಲಿಗೆ ಕರೆತಂದಿತೆಂಬ ಕೊರಗು ಅವನನ್ನು ಕಾಡಿತೆಂದು ಮಗ ಎಡ್ಮಂಡ್ 1907ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಬರೆದಿದ್ದಾನೆ. ನಮ್ಮ ಸಹ್ಯಾದ್ರಿಯ ಹೊಳೆಗಳಲ್ಲೂ ಇಂಥದೇ ನಡೆದಿದೆ. ‘ಮಿಸ್ ಕೇರಳ’ ಎಂದು ಮಾರಾಟವಾಗುವ ಕೆಂಪು ಪಟ್ಟೆಯ ಮೀನನ್ನು ತೊಟ್ಟಿಗಳಿಗಾಗಿ ಹಿಡಿದು ಹಿಡಿದು, ಅದು ಇಂದು ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದೆ.

ಗಾಸ್ 1888ರ ಆಗಸ್ಟ್‌ನಲ್ಲಿ ತೀರಿಕೊಂಡನು. ಎರಡು ವರ್ಷಗಳ ಬಳಿಕ, 1890ರಲ್ಲಿ, ಸೆರ್ಗೆಯ್ ವಿನೊಗ್ರಾಡ್‌ಸ್ಕಿ ಎಂಬ ರಷ್ಯದ ವಿಜ್ಞಾನಿ ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುವ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದನು. ಮೀನಿನ ಮಲಿನದಿಂದ ಹುಟ್ಟುವ ಅಮೋನಿಯ ಮೀನಿಗೇ ವಿಷ. ಜಲ್ಲಿಗೆ ಅಂಟಿಕೊಂಡ ಬ್ಯಾಕ್ಟೀರಿಯಗಳು ಅದನ್ನು ಹಗಲಿರುಳೂ ಕಳೆಯುತ್ತಿರುತ್ತವೆ. ಹೊಸ ನೀರು ಹದವಾಗಲು ದಿನ ಹಿಡಿಯುವುದೇಕೆಂದು ಗಾಸ್‌ಗೆ ತಿಳಿದಿರಲಿಲ್ಲ, ಆದರೂ ಕಾಯುತ್ತಿದ್ದನು. ನಾವಾದರೋ ಆ ಬ್ಯಾಕ್ಟೀರಿಯಗಳನ್ನೇ ಸೋಪಿನಲ್ಲಿ ತೊಳೆದೆವು. ಉಳಿದಿದ್ದರೆ ಅವನ್ನೂ ನಲ್ಲಿ ನೀರಿನ ಕ್ಲೋರಿನ್ ಕೊಂದಿರಬೇಕು.

ಈಗ ನಮ್ಮ ತೊಟ್ಟಿಯಲ್ಲಿ ಎರಡೇ ಮೀನುಗಳಿವೆ. ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಮಾತ್ರ ತೆಗೆದು, ಹಿಂದಿನ ದಿನವೇ ಬಕೆಟ್ಟಿನಲ್ಲಿ ಹಿಡಿದಿಟ್ಟ ನೀರನ್ನು ಮೆಲ್ಲಗೆ ಸುರಿಯುತ್ತೇವೆ. ಜಲ್ಲಿಯನ್ನು ಜಾಲಿಸುವುದಾದರೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ. ಮುಂದಿನ ಗಾಜನ್ನು ಒರೆಸುತ್ತೇವೆ. ಹಿಂದಿನ ಗಾಜಿನ ಹಸಿರನ್ನು ಬಸವನಹುಳುಗಳಿಗೆ ಬಿಟ್ಟಿದ್ದೇವೆ.