ಮಾಡ್ ಮೆಂಟನ್

ಕೃಷ್ಣೆ ಮತ್ತು ಅದರ ಉಪನದಿಗಳ ನೀರಿನಿಂದ ಬೆಳೆಯುವ ಕಬ್ಬು ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಸೀಮೆಯ ರೈತರ ಜೀವಾಳವಾಗಿದೆ. ಕಡಿದ ಕಬ್ಬನ್ನು ತಡಮಾಡದೆ ಅರೆಯಬೇಕೆಂಬುದು ಆ ರೈತರಿಗೆ ಅನುಭವದಿಂದ ತಿಳಿದ ಸಂಗತಿ. ಬಿಸಿಲಿನಲ್ಲಿ ಕೆಲವು ದಿನ ಬಿದ್ದ ಕಬ್ಬು ತೂಕದಲ್ಲಿ ಮಾತ್ರವಲ್ಲ, ಸಕ್ಕರೆಯ ಅಂಶದಲ್ಲಿಯೂ ಕುಂದುತ್ತದೆ. ಕಬ್ಬಿನೊಳಗೇ ಇರುವ ಇನ್ವರ್ಟೇಸ್ ಎಂಬ ಕಿಣ್ವವು ಸಕ್ಕರೆಯನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳಾಗಿ ಒಡೆಯುವುದು ಇದಕ್ಕೆ ಒಂದು ಮುಖ್ಯ ಕಾರಣ. ಸೆಕೆ ಏರಿದಂತೆ ಈ ಕಾರ್ಯ ಚುರುಕಾಗುತ್ತದೆ. ಇದೇ ಬಗೆಯ ಕಿಣ್ವವನ್ನು ಯೀಸ್ಟಿನಿಂದ ಪಡೆದು, ಅದರ ವೇಗವನ್ನು ಅಳೆದು, ಅದಕ್ಕೊಂದು ಗಣಿತದ ನಿಯಮವನ್ನು ರೂಪಿಸಿದ ಇಬ್ಬರಲ್ಲಿ ಮಾಡ್ ಲಿಯೊನೋರಾ ಮೆಂಟನ್ ಒಬ್ಬರು.

ಮೆಂಟನ್ 1879ರ ಮಾರ್ಚ್ 20ರಂದು ಕೆನಡಾದ ಪೋರ್ಟ್ ಲ್ಯಾಂಬ್ಟನ್ ಎಂಬ ಊರಿನಲ್ಲಿ ಜನಿಸಿದರು. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ 1904ರಲ್ಲಿ ಪದವಿಯನ್ನೂ, 1911ರಲ್ಲಿ ಎಂ.ಡಿ. ಪದವಿಯನ್ನೂ ಪಡೆದರು. ಈ ಉನ್ನತ ಪದವಿಯನ್ನು ಗಳಿಸಿದ ಮೊದಲ ಕೆಲವೇ ಕೆನಡಾ ಮಹಿಳೆಯರಲ್ಲಿ ಅವರೂ ಸೇರಿದ್ದಾರೆ. ಆದರೆ ಪದವಿ ದೊರೆತ ಮಾತ್ರಕ್ಕೆ ಸಂಶೋಧನೆಯ ಬಾಗಿಲು ತೆರೆಯುವ ಕಾಲ ಅದಾಗಿರಲಿಲ್ಲ. ಪ್ರಯೋಗಾಲಯಗಳಲ್ಲಿ ಸ್ತ್ರೀಯರಿಗೆ ಸ್ಥಾನ ಸಿಗುವುದು ಅಪರೂಪವಾಗಿತ್ತು. ಮೆಂಟನ್ ಎದೆಗುಂದಲಿಲ್ಲ. 1912ರಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ಜರ್ಮನಿಯ ಬರ್ಲಿನ್ ನಗರಕ್ಕೆ ತೆರಳಿ, ಲಿಯೊನರ್ ಮೈಕೇಲಿಸ್ ಎಂಬ ವಿಜ್ಞಾನಿಯನ್ನು ಸೇರಿಕೊಂಡರು. ಆಸ್ಪತ್ರೆಯೊಂದರ ಚಿಕ್ಕ ಪ್ರಯೋಗಾಲಯವೇ ಅವರ ಕಾರ್ಯಕ್ಷೇತ್ರವಾಯಿತು.

ಕಿಣ್ವಗಳ ವೇಗವನ್ನು ಅಳೆಯುವ ಯತ್ನಗಳು ಅದಕ್ಕೆ ಮೊದಲೂ ನಡೆದಿದ್ದವು. ಫ್ರಾನ್ಸಿನ ವಿಕ್ಟರ್ ಹೆನ್ರಿ 1903ರಲ್ಲಿಯೇ ಸರಿಯಾದ ದಾರಿಯನ್ನು ತೋರಿದ್ದರು. ಆದರೆ ದ್ರಾವಣದ ಆಮ್ಲತೆಯನ್ನು ಅವರು ಹತೋಟಿಯಲ್ಲಿ ಇಟ್ಟಿರಲಿಲ್ಲ. ಆಮ್ಲತೆ ಬದಲಾದರೆ ಕಿಣ್ವದ ವೇಗವೂ ಬದಲಾಗುತ್ತದೆ. ಜಠರದ ಪೆಪ್ಸಿನ್ ಆಮ್ಲದಲ್ಲಿ ಚೆನ್ನಾಗಿ ಕೆಲಸಮಾಡಿದರೆ, ಕರುಳಿನ ಟ್ರಿಪ್ಸಿನ್ ತುಸು ಕ್ಷಾರವನ್ನು ಬಯಸುತ್ತದೆ. ಡೆನ್ಮಾರ್ಕಿನ ಸೋರೆನ್‌ಸೆನ್ 1909ರಲ್ಲಿ ಆಮ್ಲತೆಯನ್ನು ಅಳೆಯಲು ಪಿಎಚ್ ಮಾನವನ್ನು ಬಳಕೆಗೆ ತಂದಿದ್ದರು. ಶಾಖದ ಸಂಗತಿಯೂ ಹೀಗೆಯೇ. ಉಷ್ಣತೆ ಏರಿದಂತೆ ವೇಗ ಒಂದು ಮಿತಿಯವರೆಗೆ ಏರುತ್ತದೆ. ಮಿತಿ ಮೀರಿದರೆ ಕಿಣ್ವದ ರಚನೆಯೇ ಕೆಟ್ಟು ಅದು ನಿಷ್ಕ್ರಿಯವಾಗುತ್ತದೆ.

ಆದುದರಿಂದ ಮೆಂಟನ್ ಮತ್ತು ಮೈಕೇಲಿಸ್ ಉಷ್ಣತೆಯನ್ನು 25 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ, ಆಮ್ಲತೆಯನ್ನು ಒಂದೇ ಮಟ್ಟದಲ್ಲಿಯೂ ನಿಲ್ಲಿಸಿ, ಸಕ್ಕರೆಯ ಪ್ರಮಾಣವನ್ನು ಮಾತ್ರ ಬದಲಿಸುತ್ತ ಹೋದರು. ಸಕ್ಕರೆಯ ದ್ರಾವಣವು ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಸಕ್ಕರೆ ಒಡೆದಂತೆಲ್ಲ ಆ ತಿರುವು ಎಡಕ್ಕೆ ಸರಿಯುತ್ತದೆ. ಈ ಬದಲಾವಣೆಯಿಂದಲೇ ಅವರು ವೇಗವನ್ನು ಗುಣಿಸಿದರು. ಹೊತ್ತು ಕಳೆದಂತೆ ಸಕ್ಕರೆ ತೀರುತ್ತದೆ, ಹುಟ್ಟಿದ ವಸ್ತುಗಳು ಕಿಣ್ವಕ್ಕೆ ಅಡ್ಡಿಯಾಗುತ್ತವೆ. ಅದಕ್ಕಾಗಿ ಅವರು ಆರಂಭದ ವೇಗವನ್ನೇ ಲೆಕ್ಕಕ್ಕೆ ತೆಗೆದುಕೊಂಡರು.

ಅವರು ಕಂಡುಕೊಂಡ ನಿಯಮವನ್ನು ಸಕ್ಕರೆ ಕಾರ್ಖಾನೆಯ ಅಂಗಳದ ಹೋಲಿಕೆಯಿಂದ ತಿಳಿಯಬಹುದು. ಕಬ್ಬಿನ ಗಾಡಿಗಳು ವಿರಳವಾಗಿರುವಾಗ, ಗಾಡಿಗಳು ಹೆಚ್ಚಿದಂತೆ ತಾಸಿಗೆ ತೂಗುವ ಗಾಡಿಗಳ ಸಂಖ್ಯೆಯೂ ಹೆಚ್ಚುತ್ತದೆ. ತೂಕದ ಕಾಟಾಕ್ಕೆ ಬಿಡುವೇ ಇಲ್ಲದಂತಾದ ಮೇಲೆ ಸಾಲು ಬೆಳೆಯುತ್ತದೆಯೇ ಹೊರತು ವೇಗ ಬೆಳೆಯುವುದಿಲ್ಲ. ಕಿಣ್ವಕ್ಕೂ ಅಂತಹುದೇ ಒಂದು ಪರಮಾವಧಿ ಇದೆ. ಇದನ್ನು ನಿರೂಪಿಸುವ ಸಮೀಕರಣವು 1913ರಲ್ಲಿ ಪ್ರಕಟವಾಯಿತು. ಮೈಕೇಲಿಸ್-ಮೆಂಟನ್ ಸಮೀಕರಣವೆಂದು ಪ್ರಸಿದ್ಧವಾದ ಅದು ಇಂದಿಗೂ ಜೀವರಸಾಯನಶಾಸ್ತ್ರದ ಅಡಿಗಲ್ಲುಗಳಲ್ಲೊಂದು. ಔಷಧಗಳ ಪರೀಕ್ಷೆಯಲ್ಲಿಯೂ ಅದರ ಉಪಯೋಗವಿದೆ.

ಸ್ವದೇಶದ ಕಡೆಗೆ ಮರಳಿದ ಮೆಂಟನ್ ಅಮೆರಿಕದ ಷಿಕಾಗೊ ವಿಶ್ವವಿದ್ಯಾನಿಲಯದಿಂದ 1916ರಲ್ಲಿ ಪಿಎಚ್.ಡಿ. ಪಡೆದರು. ಅನಂತರ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಬೋಧಕರಾಗಿ, ಮಕ್ಕಳ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞೆಯಾಗಿ ದೀರ್ಘಕಾಲ ದುಡಿದರು. ಅಂಗಾಂಶದಲ್ಲಿ ಕಿಣ್ವವು ಎಲ್ಲಿ ಕೆಲಸಮಾಡುತ್ತದೆಂಬುದನ್ನು ಬಣ್ಣದ ಮೂಲಕ ತೋರುವ ವಿಧಾನವೊಂದನ್ನು 1944ರಲ್ಲಿ ಸಹೋದ್ಯೋಗಿಗಳೊಂದಿಗೆ ರೂಪಿಸಿದರು. ಚಿತ್ರಕಲೆ, ಕ್ಲಾರಿನೆಟ್ ವಾದನ, ಪರ್ವತಾರೋಹಣಗಳಲ್ಲಿಯೂ ಅವರಿಗೆ ಆಸಕ್ತಿಯಿತ್ತು. ಇಷ್ಟೆಲ್ಲ ಸಾಧಿಸಿದ ವಿದುಷಿಗೆ ಪೂರ್ಣ ಪ್ರಾಧ್ಯಾಪಕ ಪದವಿ ದೊರೆತುದು 1948ರಲ್ಲಿ, ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದಾಗ. ಆದರೂ ಅವರು ಕೆಲಸದಿಂದ ವಿಮುಖರಾಗಲಿಲ್ಲ. ನಿವೃತ್ತರಾದ ಮೇಲೂ ಕೆನಡಾದಲ್ಲಿ ಕೆಲಕಾಲ ಸಂಶೋಧನೆ ಮುಂದುವರಿಸಿದರು. 1960ರ ಜುಲೈ 17ರಂದು, 81ನೆಯ ವಯಸ್ಸಿನಲ್ಲಿ ನಿಧನರಾದರು. 1998ರಲ್ಲಿ ಕೆನಡಾದ ವೈದ್ಯಕೀಯ ಕೀರ್ತಿಭವನದಲ್ಲಿ ಅವರ ಹೆಸರನ್ನು ಸೇರಿಸಲಾಯಿತು.

ಹೊಲದಿಂದ ಕಬ್ಬನ್ನು ಬೇಗ ಸಾಗಿಸುವ ರೈತನಾಗಲಿ, ಹಾಲಿನ ಆಮ್ಲತೆ ತಗ್ಗಲೆಂದು ಸುಣ್ಣದ ತಿಳಿಯನ್ನು ಬೆರೆಸುವ ಬೆಲ್ಲದ ಗಾಣದವನಾಗಲಿ ಮೆಂಟನ್ ಹೆಸರನ್ನು ಕೇಳಿರಲಿಕ್ಕಿಲ್ಲ. ಆದರೆ ಕಾಲ, ಶಾಖ, ಆಮ್ಲತೆಗಳ ವಿಷಯದಲ್ಲಿ ಅವರು ತೋರುವ ಎಚ್ಚರ ಆಕೆ ಬರ್ಲಿನ್ನಿನ ಪ್ರಯೋಗಾಲಯದಲ್ಲಿ ತೋರಿದ ಎಚ್ಚರಕ್ಕೆ ತೀರ ಹತ್ತಿರವಾದುದು. ಪರಿಸರವನ್ನು ಅರಿತು ನಡೆದರೆ ಮಾತ್ರ ಕಾರ್ಯ ಕೈಗೂಡುತ್ತದೆ. ತಮಗೆ ಅನುಕೂಲವಲ್ಲದ ಪರಿಸರದಲ್ಲಿಯೂ ಕಾರ್ಯವನ್ನು ಕೈಬಿಡದಿದ್ದುದು ಮೆಂಟನ್ ಅವರ ಹಿರಿಮೆ.